‘ನುಡಿ ಬರುತ್ತಾ?’: ಕೋಲಾರ ಸೀಮೆಯ ಕಂಪ್ಯೂಟರ್ ಕನ್ನಡದ ಮೂವತ್ತು ವರ್ಷ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಕಡಿಮೆಯೆಂದರೂ 4 ಜಿಬಿ ರ್‍ಯಾಮ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಕಚೇರಿಗಳ ಸುತ್ತಮುತ್ತ ಇರುವ ಜೆರಾಕ್ಸ್, ಡಿಟಿಪಿ ಅಂಗಡಿಗಳಿಗೆ ಹೋಗಿ ನೋಡಿ. ಲಗ್ನಪತ್ರಿಕೆ, ಕರಾರುಪತ್ರ, ಅರ್ಜಿ, ತಿಥಿ ಕಾರ್ಡು ಎಲ್ಲವನ್ನೂ ಹೊರಗೆ ಹಾಕುತ್ತಿರುವ ಆ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಮಿಷನ್‌ಗಳು ಹತ್ತು ಹನ್ನೆರಡು ವರ್ಷ ಹಳೆಯವು. ಅವುಗಳಿಗೆ ವಿಂಡೋಸ್ 11ರ ದಾರಿ ಇಲ್ಲ.

‘ಲಿನಕ್ಸ್ ಹಾಕಿಕೊಳ್ಳಿ, ಕಾಸು ಕೊಡಬೇಕಿಲ್ಲ, ಹಳೇ ಮಿಷನ್ನಲ್ಲೂ ಓಡುತ್ತೆ’ ಎಂದು ಯಾರಾದರೂ ಹೇಳಿದರೆ ಅಂಗಡಿಯವರು ವೈರಸ್ ವಿಚಾರ ಕೇಳುವುದಿಲ್ಲ, ವೇಗದ ವಿಚಾರವನ್ನೂ ಕೇಳುವುದಿಲ್ಲ. ಅವರ ಮೊದಲ ಪ್ರಶ್ನೆ ಒಂದೇ: ‘ಅದರಲ್ಲಿ ನುಡಿ ಬರುತ್ತಾ ಸಾರ್?’

ಈ ಪ್ರಶ್ನೆಯನ್ನು ಕೇಳಿ ನಗುವ ಇಂಜಿನಿಯರ್‌ಗಳನ್ನು ನೋಡಿದ್ದೇನೆ. ಆದರೆ ಅದು ನಗುವ ಪ್ರಶ್ನೆ ಅಲ್ಲ. ನಮ್ಮ ಕಡೆಯವರು ವಿಂಡೋಸ್‌ಗೆ ಅಂಟಿಕೊಂಡಿದ್ದು ವಿಂಡೋಸ್ ಮೇಲಿನ ಪ್ರೀತಿಯಿಂದಲ್ಲ. ಅಕ್ಷರ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು, ಅದಕ್ಕೆ. ಆ ಅಕ್ಷರ ಅಲ್ಲಿಗೆ ಹೋಗಿದ್ದು ಹೇಗೆ, ಹೊರಗೆ ಬಂದಿದ್ದು ಹೇಗೆ, ಇನ್ನೂ ಒಳಗೇ ಉಳಿದಿರುವುದು ಏನು ಎಂಬುದು ಈ ಬರಹದ ವಿಷಯ.

ಮೊಳೆಯಿಂದ ಫಾಂಟಿಗೆ

ನಮ್ಮ ಜಿಲ್ಲೆಗೆ ಅಚ್ಚಿನ ನಂಟು ಹಳೆಯದು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪ 1913ರಲ್ಲಿ ‘ಕರ್ಣಾಟಕ’ ಪತ್ರಿಕೆ ಶುರು ಮಾಡಿದರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಜೀವನ’ ಮಾಸಪತ್ರಿಕೆ ನಡೆಸಿದರು. ಅವರ ಕಾಲದ ಕನ್ನಡ ಸೀಸದ ಮೊಳೆಯಲ್ಲಿತ್ತು. ಮೊಳೆ ಜೋಡಿಸುವವರು ಒಂದೊಂದೇ ಅಕ್ಷರ, ಒಂದೊಂದೇ ಒತ್ತು ತೆಗೆದು ಸಾಲು ಕಟ್ಟುತ್ತಿದ್ದರು. ಊರೂರಿನ ಟ್ರೆಡಲ್ ಪ್ರೆಸ್‌ಗಳಲ್ಲಿ ಕರಪತ್ರ, ಸ್ಥಳೀಯ ಪತ್ರಿಕೆ ಎಲ್ಲ ಆಗುತ್ತಿದ್ದದ್ದು ಹೀಗೆಯೇ.

ತೊಂಬತ್ತರ ದಶಕದಲ್ಲಿ ಆ ಜಾಗಕ್ಕೆ ಕಂಪ್ಯೂಟರ್ ಬಂತು. 1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಿಡುಗಡೆಯಾಯಿತು. ಪುಟ ಕಟ್ಟಲು ಪೇಜ್‌ಮೇಕರ್, ಚಿತ್ರ ಬರೆಯಲು ಕೋರೆಲ್‌ಡ್ರಾ. ಕನ್ನಡಕ್ಕೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ, ಸೊನಾಟಾ ಕಂಪನಿಯ ಪ್ರಕಾಶಕ್ ಇದ್ದವು. ದುಡ್ಡು ಕೊಡಬೇಕಿತ್ತು. ಕೊಡಲಾಗದವರ ಅಂಗಡಿಗೆ ಸಿಡಿ ಕೈಯಿಂದ ಕೈಗೆ ದಾಟಿ ಬರುತ್ತಿತ್ತು.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ದಾರಿಯೂ ಇತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಕ್ಷರ ಜೋಡಣೆಯ ಕೆಲಸ ಮಾಡಿದ್ದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರಗಳಲ್ಲೇ ಇಡೀ ಕನ್ನಡ ಕೂರುವಂಥ ಕೀಲಿಮಣೆ ವಿನ್ಯಾಸ ಮಾಡಿದರು. ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನೂ ರೂಪಿಸಿದರು. ವ್ಯಂಜನ ಒತ್ತಿದರೆ ವ್ಯಂಜನ, ಅದರ ಮೇಲೆ ಸ್ವರ ಒತ್ತಿದರೆ ಗುಣಿತ, ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ. ಕನ್ನಡದ ಮಗು ಸ್ಲೇಟಿನ ಮೇಲೆ ಕಾಗುಣಿತ ಕಲಿಯುವ ಕ್ರಮವೇ ಬೆರಳಿಗೂ ಬಂತು. 1998ರ ಜನವರಿಯಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಆಗ ಅದೂ ಉಚಿತವಾಗಿ ಸಿಗುತ್ತಿತ್ತು.

‘ಪಿ’ ಎಂದರೆ ‘ಕ’

ಇಲ್ಲಿ ಸ್ವಲ್ಪ ನಿಂತು ಒಂದು ತಂತ್ರ ಅರ್ಥ ಮಾಡಿಕೊಳ್ಳಬೇಕು. ಇಡೀ ಕಥೆಯ ಗಂಟು ಇರುವುದು ಇಲ್ಲೇ.

ಆಗಿನ ಕಂಪ್ಯೂಟರ್‌ಗೆ ಕನ್ನಡ ಅಂದರೆ ಏನೆಂದು ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಕೆಲವು ಭಾಷೆಗಳ ಚಿಹ್ನೆ ಮಾತ್ರ. ಹಾಗಾಗಿ ಫಾಂಟ್ ಮಾಡಿದವರು ಆ ಚಿಹ್ನೆಗಳ ಚಿತ್ರ ಅಳಿಸಿ ಅಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು. ‘ಪಿ’ ಅಕ್ಷರದ ಮನೆಯಲ್ಲಿ ತಲೆಕಟ್ಟಿಲ್ಲದ ‘ಕ’. ಬ್ರಿಟನ್ನಿನ ಪೌಂಡ್ ಗುರುತಿನ ಮನೆಯಲ್ಲಿ ‘ನ’ಕಾರದ ಮೈ. ಜರ್ಮನ್ ಭಾಷೆಯ ಉದ್ದನೆಯ ‘ಎಸ್’ ಮನೆಯಲ್ಲಿ ‘ನ’ ಒತ್ತು. ಮೇಲೆ ಗೀಟು ಇರುವ ‘ಎ’ ಮನೆಯಲ್ಲಿ ತಲೆಕಟ್ಟು. ಹಾಗಾಗಿ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ, ಫೈಲಿನೊಳಗೆ ಕೂತಿರುವುದು ಒಂದು ‘ಪಿ’, ಒಂದು ಗೀಟಿನ ‘ಎ’, ಒಂದು ಪೌಂಡ್, ಮತ್ತೆ ಗೀಟಿನ ‘ಎ’, ಜರ್ಮನ್ ‘ಎಸ್’, ಒಂದು ‘ಕ್ಯೂ’, ಮತ್ತೊಂದು ಗೀಟಿನ ‘ಎ’. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ತೆಗೆದರೆ ಯಾವ ದೇಶದ ಭಾಷೆಯೂ ಅಲ್ಲದ ಗೀಚು.

ಮೊಳೆ ಜೋಡಿಸುವವರಿಗೆ ಇದು ಹೊಸದಾಗಿ ಕಾಣಲಿಲ್ಲ. ಸೀಸದ ಚೂರುಗಳ ಬದಲು ಕಂಪ್ಯೂಟರ್ ಚೂರುಗಳು, ಅಷ್ಟೇ. ಕಾಗದದ ಮೇಲೆ ಅಚ್ಚಾಗಿ ಬಂದರೆ ಕೆಲಸ ಮುಗಿಯಿತು. ತೊಂದರೆ ಶುರುವಾಗಿದ್ದು ಕಾಗದದಿಂದಾಚೆ. ಈ ಫೈಲಿನಲ್ಲಿ ‘ಕೋಲಾರ’ ಎಂದು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ‘ಕೋಲಾರ’ ಇಲ್ಲವೇ ಇಲ್ಲ. ಅಂಧರಿಗಾಗಿ ಪಠ್ಯ ಓದಿ ಹೇಳುವ ತಂತ್ರಾಂಶಕ್ಕೂ ಅದು ಕನ್ನಡ ಅಂತ ತಿಳಿಯುವುದಿಲ್ಲ. ಶ್ರೀಲಿಪಿಯ ಚೂರುಗಳ ಕ್ರಮ ಬೇರೆ, ನುಡಿಯದು ಬೇರೆ. ಒಂದು ಅಂಗಡಿಯ ಪೆನ್‌ಡ್ರೈವ್ ಇನ್ನೊಂದು ಅಂಗಡಿಯಲ್ಲಿ ಬಾಯಿ ಬಿಡುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರದಂಥ ಗಡಿ ಊರುಗಳಲ್ಲಿ ಕನ್ನಡದ ಪಕ್ಕದಲ್ಲೇ ತೆಲುಗು ಬೇಕಾಗುತ್ತದೆ. ತೆಲುಗಿನ ಫಾಂಟಿನಲ್ಲಿ ಅದೇ ‘ಪಿ’ ಮನೆಯಲ್ಲಿ ಇನ್ನೇನೋ ಕೂತಿರುತ್ತದೆ.

ಸರ್ಕಾರ ಬಂತು, ಅರ್ಧ ಗಂಟು ಬಿಚ್ಚಿತು

2000ದ ಆಸುಪಾಸಿನಲ್ಲಿ ಸರ್ಕಾರವೇ ದೊಡ್ಡ ಗಿರಾಕಿ ಆಯಿತು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಏರಿದವು. ಶಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ಪಹಣಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾಗಿ ಕೈಗೆ ಬರತೊಡಗಿತು. ಆ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ವಿಂಡೋಸ್. ರೈತನಿಗೆ ಕಂಪ್ಯೂಟರ್ ಕನ್ನಡ ಎಂದರೆ ಏನೆಂದು ಮೊದಲು ತೋರಿಸಿದ್ದು ಪತ್ರಿಕೆಯಲ್ಲ, ಪಹಣಿ.

ಕಚೇರಿಗೊಂದು ತಂತ್ರಾಂಶ, ಇಲಾಖೆಗೊಂದು ಫಾಂಟ್ ಆದರೆ ನಡೆಯುವುದಿಲ್ಲ ಎಂದು ಸರ್ಕಾರ ಕೀಲಿಮಣೆ ಮತ್ತು ಅಕ್ಷರದ ಚೂರುಗಳ ಕ್ರಮಕ್ಕೆ ಒಂದು ಮಾನಕ ತಂದಿತು. ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ವಿನ್ಯಾಸ. ಅದರ ಪ್ರಕಾರ ಕನ್ನಡ ಗಣಕ ಪರಿಷತ್ತು ‘ನುಡಿ’ ಸಿದ್ಧಪಡಿಸಿತು. ಉಚಿತವಾಗಿ ಹಂಚಲಾಯಿತು.

ನುಡಿಯನ್ನು ಇವತ್ತು ಬೈಯುವವರು ಬಹಳ. ಆದರೆ ಅದು ಮಾಡಿದ ಕೆಲಸವನ್ನೂ ಹೇಳಬೇಕು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಎಷ್ಟೋ ಹೆಣ್ಣುಮಕ್ಕಳು ನುಡಿ ಟೈಪಿಂಗ್ ಕಲಿತು ಡಿಟಿಪಿ ಅಂಗಡಿಯಲ್ಲಿ, ಪಂಚಾಯ್ತಿಯಲ್ಲಿ, ವಕೀಲರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಕಾಸು ಕೊಟ್ಟು ಕೊಳ್ಳುವ ತಂತ್ರಾಂಶದ ಹಂಗು ತಪ್ಪಿತು. ನುಡಿ ಮತ್ತು ಬರಹದ ಫಾಂಟುಗಳ ಒಳಗಿನ ಕ್ರಮ ಒಂದೇ ಆದ್ದರಿಂದ ಅವೆರಡರ ನಡುವೆ ಫೈಲು ಓಡಾಡಿತು. ಆಗ ಯೂನಿಕೋಡ್ ಯಾಕೆ ಹಿಡಿಯಲಿಲ್ಲ ಎಂದು ಕೇಳಬಹುದು. ಕಚೇರಿಗಳಲ್ಲಿದ್ದ ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುವ ಶಕ್ತಿಯೇ ಇರಲಿಲ್ಲ. ಮರುದಿನ ಬೆಳಗ್ಗೆ ಕೆಲಸ ಆಗಬೇಕಾದ ಕಚೇರಿಗೆ ಇದ್ದದ್ದು ಚೂರುಗಳ ದಾರಿ ಒಂದೇ.

ಆದರೆ ಬಿಚ್ಚಿದ್ದು ಅರ್ಧ ಗಂಟು ಮಾತ್ರ. ತಂತ್ರಾಂಶ ಉಚಿತವಾಯಿತು, ಅಕ್ಷರ ಬಿಡುಗಡೆಯಾಗಲಿಲ್ಲ. ನುಡಿ ಓಡುತ್ತಿದ್ದದ್ದು ವಿಂಡೋಸ್ ಮೇಲೆ. ನುಡಿ ಕಲಿತವರು ವಿಂಡೋಸ್ ಬಿಡುವ ಹಾಗಿಲ್ಲ. ‘ನುಡಿ ಬರುತ್ತಾ’ ಎಂಬ ಪ್ರಶ್ನೆ ಹುಟ್ಟಿದ್ದು ಆಗ.

ಗುಬ್ಬಿ, ನವಿಲು ಮತ್ತು ಅಂಚೆಯಲ್ಲಿ ಬಂದ ಸಿಡಿ

ಹೊರಗೆ ಬೇರೆ ಒಂದು ಕೆಲಸ ಸಾಗಿತ್ತು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ್ದರು. ಯಾರು ಬೇಕಾದರೂ ಬಳಸಬಹುದಾದ, ಒಳಗೆ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಅದರ ಗುರಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಶುರು ಮಾಡಿದರು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ‘ಕ’ಗೆ ತನ್ನದೇ ಮನೆ, ತನ್ನದೇ ನಂಬರು. ‘ಪಿ’ಯ ಮನೆಯಲ್ಲಿ ಬಾಡಿಗೆಗೆ ಇರಬೇಕಿಲ್ಲ.

ನಂಬರು ಸಿಕ್ಕರೆ ಸಾಲದು, ತೆರೆಯ ಮೇಲೆ ಸರಿಯಾಗಿ ಮೂಡಬೇಕು. ‘ಸೂರ್ಯ’ ಎಂಬ ಪದ ತೆಗೆದುಕೊಳ್ಳಿ. ಉಚ್ಚಾರದಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಯೂನಿಕೋಡ್ ಫೈಲಿನಲ್ಲೂ ಹಾಗೇ ಕೂರುತ್ತದೆ. ಆದರೆ ಬರೆಯುವಾಗ ‘ಯ’ ಮೊದಲು ಬಂದು ಅರ್ಕಾವತ್ತು ಹಿಂದೆ ಹೋಗಬೇಕು. ಈ ಅದಲುಬದಲನ್ನು ಕಂಪ್ಯೂಟರ್ ತಾನೇ ಮಾಡಬೇಕು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಈ ಶಕ್ತಿ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗ’ ಎಂಬ ಫಾಂಟಿನ ಜೊತೆ. ಲಿನಕ್ಸ್‌ನಲ್ಲಿ ಅದೇ ಕೆಲಸವನ್ನು ಹಲವರು ಸೇರಿ, ತಪ್ಪು ಕಂಡಲ್ಲಿ ವರದಿ ಮಾಡಿ, ತಿದ್ದಿ ತಿದ್ದಿ ಸರಿಮಾಡಿದರು.

ಇದರಲ್ಲಿ ಕನ್ನಡದವರ ಪಾಲು ಸಣ್ಣದಲ್ಲ. ‘ಸಂಪದ’ ಕಟ್ಟಿದ ಹರಿಪ್ರಸಾದ್ ನಾಡಿಗ್ ಕನ್ನಡ ವಿಕಿಪೀಡಿಯ ಮತ್ತು ಲಿನಕ್ಸ್ ಎರಡರ ಸುತ್ತಲೂ ಉತ್ಸಾಹಿಗಳನ್ನು ಸೇರಿಸಿದರು. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ಕನ್ನಡ ಸಾಹಿತ್ಯ ಮತ್ತು ಮುಕ್ತ ತಂತ್ರಾಂಶವನ್ನು ಒಟ್ಟಿಗೆ ತಂದಿತು. ಅರವಿಂದ ವಿ.ಕೆ. ‘ಗುಬ್ಬಿ’, ‘ನವಿಲು’ ಎಂಬ ಎರಡು ಮುಕ್ತ ಫಾಂಟ್ ಮಾಡಿದರು. ಇವತ್ತಿಗೂ ಡೆಬಿಯನ್ ಲಿನಕ್ಸ್‌ನ ಭಂಡಾರದಲ್ಲಿ ಆ ಹೆಸರಿನಲ್ಲೇ ಸಿಗುತ್ತವೆ. ಗ್ನೋಮ್, ಕೆಡಿಇ ಎಂಬ ಪರದೆಗಳ ಮೆನುಗಳು ಕನ್ನಡಕ್ಕೆ ಬಂದವು. ಎಲ್ಲಕ್ಕಿಂತ ಮುಖ್ಯವಾಗಿ, ನುಡಿಯಲ್ಲಿ ಕಲಿತ ಅದೇ ಕೀಲಿಮಣೆ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನೊಳಗೇ ಸೇರಿತು. ಬೇರೆ ತಂತ್ರಾಂಶ ಹಾಕಬೇಕಿಲ್ಲ, ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರೆ ಸಾಕು.

2004ರಲ್ಲಿ ಉಬುಂಟು ಬಂತು. ನೆಟ್ ನಿಧಾನವಿದ್ದ ಕಾಲ ಅದು. ಕೇಳಿದವರ ಮನೆಗೆ ಉಬುಂಟು ಸಿಡಿಯನ್ನು ಅಂಚೆಯಲ್ಲಿ ಬಿಟ್ಟಿ ಕಳಿಸುತ್ತಿದ್ದರು. 2011ರ ತನಕ ಆ ವ್ಯವಸ್ಥೆ ಇತ್ತು. ಹಳ್ಳಿ ವಿಳಾಸಕ್ಕೂ ವಿದೇಶದಿಂದ ಲಕೋಟೆ ಬರುತ್ತಿತ್ತು ಎಂದರೆ ಈಗಿನ ಹುಡುಗರಿಗೆ ನಂಬಿಕೆ ಬರಲಿಕ್ಕಿಲ್ಲ.

ಅಂದರೆ ‘ನುಡಿ ಬರುತ್ತಾ’ ಪ್ರಶ್ನೆಗೆ ಉತ್ತರ ಸಿದ್ಧವಾಗಿ ಎಷ್ಟೋ ವರ್ಷವಾಯಿತು. ಬೆರಳಿಗೆ ಗೊತ್ತಿರುವ ನುಡಿ ಕೀಲಿಮಣೆ ಬರುತ್ತದೆ. ಹಳೇ ನುಡಿ ಫಾಂಟ್ ಫೈಲನ್ನು ನಕಲಿಸಿ ಹಾಕಿದರೆ ಹಳೇ ದಾಖಲೆಯೂ ಲಿಬ್ರೆಆಫೀಸ್‌ನಲ್ಲಿ ಓದಲು ಬರುತ್ತದೆ. ಹೊಸದಾಗಿ ಬರೆಯುವುದು ಮಾತ್ರ ಯೂನಿಕೋಡ್‌ನಲ್ಲಿ. ಈ ಉತ್ತರ ತಾಲ್ಲೂಕಿಗೆ ಬರಲಿಲ್ಲ, ಅಷ್ಟೇ.

ಪಕ್ಕದವರು ಹೇಗೆ ದಾಟಿದರು

ಕೇರಳ 2001ರ ಸುಮಾರಿಗೆ ‘ಐಟಿ@ಸ್ಕೂಲ್’ ಶುರು ಮಾಡಿದಾಗ ಅಲ್ಲೂ ಮೊದಲು ವಿಂಡೋಸ್ ಇತ್ತು. ಶಿಕ್ಷಕರು, ಮುಕ್ತ ತಂತ್ರಾಂಶದವರು ತಕರಾರು ಎತ್ತಿದರು. ಕೆಲವೇ ವರ್ಷಗಳಲ್ಲಿ ಇಡೀ ಶಾಲಾ ವ್ಯವಸ್ಥೆ ಲಿನಕ್ಸ್‌ಗೆ ಬಂತು. ಅವರು ಬರೀ ಸಿಡಿ ಹಂಚಲಿಲ್ಲ. ಶಿಕ್ಷಕರಿಗೆ ತರಬೇತಿ, ಪಠ್ಯಪುಸ್ತಕ, ಎಸ್ಸೆಸ್ಸೆಲ್ಸಿ ಪ್ರಾಯೋಗಿಕ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪುಸ್ತಕ ಕನ್ನಡದಲ್ಲೇ ಇದೆ. ಅವರು ಕಲಿಯುವುದು ಲಿನಕ್ಸ್ ಮೇಲೆ. ಕನ್ನಡದಲ್ಲಿ ಲಿನಕ್ಸ್ ನಡೆಯುವುದಿಲ್ಲ ಎನ್ನುವವರಿಗೆ ಉತ್ತರ ಅಲ್ಲಿದೆ, ನಮ್ಮದೇ ಭಾಷೆಯಲ್ಲಿ, ನಮ್ಮ ರಾಜ್ಯದ ಹೊರಗೆ.

ಕರ್ನಾಟಕದಲ್ಲೂ ಪ್ರಯತ್ನ ಆಗಿದೆ. 2011ರ ಆಸುಪಾಸಿನಲ್ಲಿ ಶಿಕ್ಷಣ ಇಲಾಖೆ, ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ನಡೆಸಿತು. ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ಮೇಷ್ಟ್ರುಗಳು ಉಬುಂಟು ಮೇಲೆ ಕೂತು ಜಿಯೋಜೀಬ್ರಾದಲ್ಲಿ ರೇಖಾಗಣಿತ ಮಾಡಿದರು, ಕನ್ನಡದಲ್ಲಿ ಪಾಠದ ಸಾಮಗ್ರಿ ಬರೆದರು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರ ಹುಟ್ಟಿದ್ದು ಹಾಗೆ. ಕೇಂದ್ರ ಸರ್ಕಾರವೂ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಹೊರಡಿಸಿತು. ಆದರೆ ಮೇಷ್ಟ್ರು ಕಲಿತು ಬಂದರೂ, ಅವರು ಅರ್ಜಿ ಕೊಡುವ ಕಚೇರಿ, ಪ್ರಶ್ನೆಪತ್ರಿಕೆ ಮಾಡಿಸುವ ಡಿಟಿಪಿ ಅಂಗಡಿ ಹಳೇ ಫಾಂಟನ್ನೇ ಕೇಳಿದರೆ ಮೇಷ್ಟ್ರು ಒಬ್ಬರೇ ಏನು ಮಾಡಲಾಗುತ್ತದೆ? ಕೇರಳದವರು ಎಲ್ಲ ತುದಿಯನ್ನೂ ಒಟ್ಟಿಗೆ ಎತ್ತಿದರು. ನಾವು ಒಂದು ತುದಿ ಎತ್ತಿದೆವು.

ಗೊತ್ತಿಲ್ಲದೇ ದಾಟಿದ ಜಿಲ್ಲೆ

ತಮಾಷೆ ಎಂದರೆ, ಜಿಲ್ಲೆಯ ಬಹುಪಾಲು ಜನ ಲಿನಕ್ಸ್‌ಗೆ ಬಂದು ವರ್ಷಗಳೇ ಆದವು. ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ರೇಟು ವಾಟ್ಸಾಪಿಗೆ ಹಾಕುವ ದಲ್ಲಾಳಿ, ಶ್ರೀನಿವಾಸಪುರದ ಮಾವಿನ ಮಂಡಿಯವರು, ಡೇರಿಯ ಕಾರ್ಯದರ್ಶಿ ಎಲ್ಲರೂ ಬರೆಯುವುದು ಯೂನಿಕೋಡ್ ಕನ್ನಡ, ಕೆಲವೊಮ್ಮೆ ಅದೇ ಸಾಲಿನಲ್ಲಿ ತೆಲುಗು. ಫಾಂಟ್ ಯಾವುದು ಎಂದು ಯಾರೂ ಕೇಳುವುದಿಲ್ಲ.

ನಮ್ಮ ಕಸುಬಿನಲ್ಲೂ ಅಷ್ಟೇ. ಒಂದು ಕಾಲಕ್ಕೆ ತಾಲ್ಲೂಕು ವರದಿಗಾರರು ಸುದ್ದಿಯನ್ನು ಕವರಿಗೆ ಹಾಕಿ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಆಮೇಲೆ ಫ್ಯಾಕ್ಸ್, ಆಮೇಲೆ ನುಡಿ ಫೈಲಿನ ಇಮೇಲ್. ಈಗ ಸ್ಥಳದಲ್ಲೇ ನಿಂತು ಫೋನಿನಲ್ಲಿ ಬರೆದು ಕಳಿಸುತ್ತೇವೆ. ಆದರೆ ಪುಟ ಕಟ್ಟಲು ಹಳೇ ಪೇಜ್‌ಮೇಕರ್ ಇಟ್ಟುಕೊಂಡಿರುವ ಸಣ್ಣ ಪತ್ರಿಕೆಗಳಲ್ಲಿ ಆ ಯೂನಿಕೋಡ್ ಸುದ್ದಿಯನ್ನು ಮತ್ತೆ ನುಡಿಯ ಚೂರುಗಳಿಗೆ ಪರಿವರ್ತಿಸುತ್ತಾರೆ, ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದ ಕಾರಣ. ಬಿಡುಗಡೆಯಾಗಿ ಬಂದ ಅಕ್ಷರ ಸಂಜೆಗೆ ಮತ್ತೆ ಬೀಗದೊಳಗೆ.

ಬೀಗದೊಳಗೆ ಏನಿದೆ

ಇದು ಬರೀ ತಾಂತ್ರಿಕ ಕಿರಿಕಿರಿ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹಳೇ ಫಾಂಟಿನ ಕಾಲ ಯಾವುದೆಂದು ಒಮ್ಮೆ ಲೆಕ್ಕ ಹಾಕಿ. 2000ದ ಮಾರ್ಚ್ 11ರಂದು, ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಕೊನೆಗೆ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಕೊಳವೆಬಾವಿ ಸಾವಿರ ಅಡಿ ದಾಟಿತು, ಕೆರೆ ಬತ್ತಿತು, ಶಾಶ್ವತ ನೀರಾವರಿಗೆ ಜನ ಬೀದಿಗಿಳಿದರು, 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು.

ಇವುಗಳ ಬಗ್ಗೆ ಊರಿನವರೇ ಬರೆದ ಸುದ್ದಿ, ಸಂಘಟನೆಗಳ ಕರಪತ್ರ, ಮನವಿ, ಗ್ರಾಮಸಭೆಯ ನಡಾವಳಿ ಟೈಪಾಗಿದ್ದು ನುಡಿಯಲ್ಲಿ, ಬರಹದಲ್ಲಿ, ಶ್ರೀಲಿಪಿಯಲ್ಲಿ. ಇವತ್ತು ಯಾರಾದರೂ ವಿದ್ಯಾರ್ಥಿ ‘ಕಂಬಾಲಪಲ್ಲಿ’ ಎಂದು ಕನ್ನಡದಲ್ಲಿ ಹುಡುಕಿದರೆ ಈ ಫೈಲುಗಳು ಸಿಗುವುದಿಲ್ಲ. ಅವುಗಳ ಒಳಗೆ ಆ ಪದವೇ ಕನ್ನಡವಾಗಿ ಇಲ್ಲ. ಡಿವಿಜಿ 1913ರಲ್ಲಿ ಅಚ್ಚು ಹಾಕಿಸಿದ ಕಾಗದ ಉಳಿದಿದ್ದರೆ ಓದಬಹುದು. 2001ರ ಫೈಲನ್ನು ಓದಬೇಕಾದರೆ ಫಾಂಟ್ ಬೇಕು, ಪೇಜ್‌ಮೇಕರ್ ಬೇಕು, ಅದು ಓಡುವ ಮಿಷನ್ ಬೇಕು. ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ ಬಂದಿದ್ದೇ 2001ರಲ್ಲಿ.

ಲಿನಕ್ಸ್‌ಗೆ ಹೋದರೆ ಹಳೇ ಫೈಲು ಕಳೆದುಹೋಗುತ್ತವೆ ಎಂಬ ಭಯ ಅಂಗಡಿಗಳಲ್ಲಿದೆ. ನಡೆದಿರುವುದು ಇದಕ್ಕೆ ತದ್ವಿರುದ್ಧ. ಮಾಡಿದ ಕಂಪನಿಯೇ ಕೈಬಿಟ್ಟ ಪೇಜ್‌ಮೇಕರ್ ಫೈಲುಗಳನ್ನು ತೆರೆಯುವ ದಾರಿಯನ್ನು ಹುಡುಕಿದವರು ಮುಕ್ತ ತಂತ್ರಾಂಶದವರು. 2015ರಿಂದ ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ 6 ಮತ್ತು 7ರ ಫೈಲುಗಳನ್ನು ತೆರೆಯುತ್ತದೆ. ಪುಟದ ಅಂದ ಅಲ್ಲಲ್ಲಿ ಕೆಡಬಹುದು, ಪಠ್ಯ ಕೈಗೆ ಬರುತ್ತದೆ. ಆ ಪಠ್ಯವನ್ನು ಯೂನಿಕೋಡ್ ಮಾಡಲು ಅರವಿಂದ ವಿ.ಕೆ. ಅವರದೂ ಸೇರಿದಂತೆ ಮುಕ್ತ ಪರಿವರ್ತಕಗಳಿವೆ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಬೇಕು.

ಎಲ್ಲರೂ ನಾಳೆಯೇ ವಿಂಡೋಸ್ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಟ್ಯಾಲಿ, ಕೋರೆಲ್‌ಡ್ರಾ ಮೇಲೆ ಹೊಟ್ಟೆ ಹೊರೆಯುವವರಿಗೆ ಲಿನಕ್ಸ್ ಸುಲಭವಲ್ಲ. ಕೆಲವು ಹಳೇ ಪ್ರಿಂಟರ್‌ಗಳು ಹಠ ಮಾಡುತ್ತವೆ. ಅಂಥವರು ಒಂದು ಮಿಷನ್ ಹಾಗೇ ಇಟ್ಟುಕೊಳ್ಳಲಿ. ಬರೀ ಅರ್ಜಿ, ಪತ್ರ, ನೆಟ್ ಕೆಲಸ ಮಾಡುವ ಹಳೇ ಮಿಷನ್‌ಗೆ ಲಿನಕ್ಸ್ ಧಾರಾಳವಾಗಿ ಸಾಕು.

ಆದರೆ ಮಿಷನ್ ಗುಜರಿಗೆ ಹಾಕುವ ಮೊದಲು, ಫಾರ್ಮ್ಯಾಟ್ ಹೊಡೆಯುವ ಮೊದಲು, ಹಾರ್ಡ್‌ಡಿಸ್ಕ್ ತೆಗೆದು ನೋಡಿ. ಪತ್ರಿಕೆಯ ಹಳೇ ಪುಟ, ಸಂಘದ ಕರಪತ್ರ, ಪಂಚಾಯ್ತಿಯ ನಡಾವಳಿ ಇದ್ದರೆ ಫಾಂಟ್ ಫೈಲಿನ ಸಮೇತ ನಕಲು ಮಾಡಿಕೊಳ್ಳಿ. ಪರಿವರ್ತನೆ ನಿಧಾನವಾಗಿ ಆಗಲಿ. ಮೊದಲು 2000 ಮತ್ತು 2001ರ ಫೈಲುಗಳು. ಅವು ಇರುವ ಡಿಸ್ಕುಗಳಿಗೆ ಈಗಾಗಲೇ ಇಪ್ಪತ್ತೈದು ವರ್ಷ ತುಂಬಿದೆ, ಅವುಗಳನ್ನು ಟೈಪ್ ಮಾಡಿದವರಿಗೆ ಯಾವ ಫೈಲು ಎಲ್ಲಿದೆ ಎಂಬ ನೆನಪು ಇನ್ನೂ ಇದೆ.